ಹಾಸನದಲ್ಲಿ ಅಗ್ಗಕ್ಕೆ ಸಿಗುತ್ತಿರುವ ಭಾರೀ ಕಂಪ್ಯೂಟರ್ ಕೂಲರ್: ತೆಗೆದುಕೊಳ್ಳಬೇಕೇ, ಬಿಡಬೇಕೇ?

ಗಿರಿತಪ್ಪಲು (ಚಿಕ್ಕಮಗಳೂರು)

ಎಲ್ಲರಿಗೂ ನಮಸ್ಕಾರ. ಮದುವೆ, ಗೃಹಪ್ರವೇಶ, ಊರಹಬ್ಬಗಳ ವಿಡಿಯೊ ಸಂಕಲನ ನನ್ನ ಕೆಲಸ. ಅದರ ಜೊತೆಗೆ ಕಾಫಿ ಬೆಳೆಗಾರರಿಗಾಗಿ ತಯಾರಾಗುವ ಚಿಕ್ಕ ಮಾಹಿತಿ ವಿಡಿಯೊಗಳಿಗೆ ಧ್ವನಿಯನ್ನೂ ಕೊಡುತ್ತೇನೆ. ಸಂಕಲನ, ಧ್ವನಿಮುದ್ರಣ ಎರಡೂ ನಡೆಯುವುದು ಮನೆಯ ಒಂದೇ ಕೋಣೆಯಲ್ಲಿ.

ಕಂಪ್ಯೂಟರ್‌ನಲ್ಲಿ ಇರುವುದು ರೈಜನ್ 7 5800ಎಕ್ಸ್ ಪ್ರೊಸೆಸರ್, ಬಿ550 ಚಿಪ್‌ಸೆಟ್‌ನ ಮೈಕ್ರೊ ಎಟಿಎಕ್ಸ್ (ಚಿಕ್ಕ ಗಾತ್ರದ) ಮದರ್‌ಬೋರ್ಡ್, ಎತ್ತರದ ಲೋಹದ ಕವಚವಿರುವ 32 ಜಿಬಿ ರ‍್ಯಾಮ್, ಒಂದು ಗ್ರಾಫಿಕ್ಸ್ ಕಾರ್ಡ್. ಪ್ರೊಸೆಸರ್ ಮೇಲೆ, ಅದರ ಶಾಖ ಹೊರಹಾಕಲು, ನಾಲ್ಕು ಹೀಟ್‌ಪೈಪ್‌ಗಳ (ಶಾಖ ಸಾಗಿಸುವ ತಾಮ್ರದ ಕೊಳವೆಗಳ), ಒಂದೇ ಫ್ಯಾನ್‌ನ ಸಾಧಾರಣ ಕೂಲರ್ ಇದೆ. ವಿಡಿಯೊ ರೆಂಡರ್ ಆಗುವಾಗ, ಅಂದರೆ ಸಂಕಲನ ಮಾಡಿದ್ದು ಅಂತಿಮ ವಿಡಿಯೊ ಆಗಿ ತಯಾರಾಗುವಾಗ, ಉಷ್ಣತೆ 90 ಡಿಗ್ರಿ ಮುಟ್ಟಿ ಅಲ್ಲೇ ನಿಂತುಬಿಡುತ್ತದೆ. ಅದಕ್ಕಿಂತ ಹೆಚ್ಚಿನ ತೊಂದರೆಯೆಂದರೆ ಫ್ಯಾನ್‌ನ ಭೋರ್ಗರೆತ. ಹಿನ್ನೆಲೆಯಲ್ಲಿ ರೆಂಡರ್ ಹಾಕಿ ಧ್ವನಿ ಮುದ್ರಿಸಲು ಕುಳಿತರೆ ಮೈಕ್ ಅದನ್ನೆಲ್ಲ ಹಿಡಿಯುತ್ತದೆ.

ಹಾಸನದಲ್ಲಿ ಒಬ್ಬರು ನಾಕ್ಟುವಾ ಎನ್‌ಎಚ್-ಡಿ15 ಕೂಲರ್ ಅನ್ನು 3,500 ರೂಪಾಯಿಗೆ ಮಾರುತ್ತಿದ್ದಾರೆ. 2016ರಲ್ಲಿ ಕೊಂಡದ್ದು, ಎರಡೂ ಫ್ಯಾನ್‌ಗಳು ಇವೆ, ಮೂಲ ಡಬ್ಬಿಯೂ ಇದೆ. ಆದರೆ ಅವರು ಬಳಸಿದ್ದು ಇಂಟೆಲ್ ಯಂತ್ರದಲ್ಲಿ. ಪ್ರೊಸೆಸರ್ ಕೂರುವ ನನ್ನ ಎಎಂ4 ಸಾಕೆಟ್‌ಗೆ ಕೂಲರ್ ಬಿಗಿಯಲು ಬೇಕಾದ ಪಟ್ಟಿ, ಸ್ಕ್ರೂಗಳು ಅದರಲ್ಲಿ ಇಲ್ಲವಂತೆ. ಹೊಸದರ ಬೆಲೆ ಇದರ ಎರಡು ಪಟ್ಟಿಗೂ ಹೆಚ್ಚು. "ಇಷ್ಟು ಅಗ್ಗಕ್ಕೆ ಮತ್ತೆ ಸಿಗುವುದಿಲ್ಲ, ಇವತ್ತೇ ಹಣ ಹಾಕು" ಎಂದು ತಮ್ಮ ಅವಸರ ಮಾಡುತ್ತಿದ್ದಾನೆ. ಚಿತ್ರದಲ್ಲಿ ನೋಡಿದರೆ ಅದು ನನ್ನ ಮದರ್‌ಬೋರ್ಡ್‌ನ ಅರ್ಧ ಭಾಗವನ್ನೇ ಮುಚ್ಚುವಂತಿದೆ. ತಿಳಿದವರು ಹೇಳಿ.

ಸಖರಾಯಪಟ್ಟಣ

ಮೇಡಂ, ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಡಿ15 ಮಾರುಕಟ್ಟೆಗೆ ಬಂದದ್ದು 2014ರಲ್ಲಿ. ಅಂದಿನಿಂದ ಎಷ್ಟೋ ವರ್ಷ ಹೊಸ ಕೂಲರ್ ಯಾವುದು ಬಂದರೂ ವಿಮರ್ಶಕರು ಇದರ ಪಕ್ಕದಲ್ಲಿ ಇಟ್ಟೇ ಅಳೆಯುತ್ತಿದ್ದರು. ಆರು ಹೀಟ್‌ಪೈಪ್, ತೆಳು ಲೋಹದ ರೆಕ್ಕೆಗಳ ಎರಡು ಗೋಪುರ, 140 ಮಿಲಿಮೀಟರ್‌ನ ಎರಡು ಫ್ಯಾನ್. ಕೂಲರ್ ಎಂದರೆ ತಾಮ್ರ, ಅಲ್ಯೂಮಿನಿಯಂ ಅಷ್ಟೆ. ಹತ್ತು ವರ್ಷವಾದರೂ ಲೋಹಕ್ಕೆ ಏನೂ ಆಗುವುದಿಲ್ಲ, ಫ್ಯಾನ್ ಹೋದರೆ ಬೇರೆ ಹಾಕಿಕೊಳ್ಳಬಹುದು. 2024ರಲ್ಲಿ ಇದರ ಎರಡನೇ ತಲೆಮಾರು, ಅಂದರೆ ಜಿ2, ಬಂದಿದೆ. ಹಾಗಾಗಿ ಹಳೆಯದನ್ನು ಮಾರುವವರು ಈಗ ಸಿಗುತ್ತಿದ್ದಾರೆ. ಇದು ಒಳ್ಳೆಯ ಅವಕಾಶ.

ರಿಪೇರಿ ಮೇಜು (ಹಾಸನ)

ಸಖರಾಯಪಟ್ಟಣದ ತಮ್ಮಾ, ಕೂಲರ್ ಒಳ್ಳೆಯದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದು ಮೇಡಂ ಅವರ ಕ್ಯಾಬಿನೆಟ್ (ಕಂಪ್ಯೂಟರ್‌ನ ಪೆಟ್ಟಿಗೆ) ಒಳಗೆ ಹಿಡಿಸುತ್ತದೆಯೇ ಎಂದು ನೋಡದೆ ಹಣ ಹಾಕಿಸುವುದು ಸರಿಯಲ್ಲ. ಬಿ.ಎಂ. ರಸ್ತೆಯಲ್ಲಿ ರಿಪೇರಿ ಅಂಗಡಿ ನಡೆಸುವ ನನ್ನ ಬಳಿಗೆ ಹಿಡಿಸದ ಕೂಲರ್ ಹೊತ್ತು ಬರುವವರು ಆಗಾಗ ಇರುತ್ತಾರೆ. ಅಗ್ಗಕ್ಕೆ ಕೊಂಡ ಕೂಲರ್‌ಗಾಗಿ ಹೊಸ ಕ್ಯಾಬಿನೆಟ್ ಕೊಂಡು, ಆಮೇಲೆ ರ‍್ಯಾಮ್ ಬದಲಿಸಿದವರನ್ನೂ ನೋಡಿದ್ದೇನೆ. ಕೊನೆಗೆ ಲೆಕ್ಕ ಹಾಕಿದರೆ ಹೊಸ ಕೂಲರ್‌ಗಿಂತ ಹೆಚ್ಚು ಖರ್ಚಾಗಿರುತ್ತದೆ.

ಗಿರಿತಪ್ಪಲು ಮೇಡಂ, ದಯವಿಟ್ಟು ಒಂದು ಸ್ಕೇಲ್ ಹಿಡಿದು ಇವಿಷ್ಟನ್ನು ನೋಡಿ ಹೇಳಿ. ಫ್ಯಾನ್ ಸಮೇತ ಡಿ15 ಎತ್ತರ 165 ಮಿಲಿಮೀಟರ್. ನಿಮ್ಮ ಕ್ಯಾಬಿನೆಟ್‌ನ ವಿವರಪುಟದಲ್ಲಿ ಎಷ್ಟು ಎತ್ತರದ ಕೂಲರ್ ಹಿಡಿಸುತ್ತದೆ ಎಂದು ಬರೆದಿರುತ್ತದೆ. ಕಡಿಮೆ ಬೆಲೆಯ ಎಷ್ಟೋ ಕ್ಯಾಬಿನೆಟ್‌ಗಳು 160ಕ್ಕೇ ನಿಂತುಬಿಡುತ್ತವೆ, ಕೆಲವು ಅದಕ್ಕೂ ಕಡಿಮೆ. ಆಮೇಲೆ ರ‍್ಯಾಮ್. ಎರಡೂ ಫ್ಯಾನ್ ಹಾಕಿದರೆ ಮುಂದಿನ ಫ್ಯಾನ್ ರ‍್ಯಾಮ್ ಮೇಲೆ ಬರುತ್ತದೆ, ಅದರ ಕೆಳಗೆ ಉಳಿಯುವುದು 32 ಮಿಲಿಮೀಟರ್ ಮಾತ್ರ. ಕವಚವಿರುವ ರ‍್ಯಾಮ್ ಸಾಮಾನ್ಯವಾಗಿ ಅದಕ್ಕಿಂತ ಎತ್ತರ. ಮುಂದಿನ ಫ್ಯಾನ್ ತೆಗೆದು ನಡುವಿನದೊಂದನ್ನೇ ಇಟ್ಟುಕೊಂಡರೆ 64 ಮಿಲಿಮೀಟರ್ ಜಾಗ ಸಿಗುತ್ತದೆ. ಹಾಗಾಗಿ ರ‍್ಯಾಮ್ ಅಡ್ಡಿಗೆ ದಾರಿ ಇದೆ.

ಜನ ಮರೆಯುವುದು ಮೂರನೆಯದನ್ನು. ಈ ಕೂಲರ್‌ನ ಅಗಲ 150 ಮಿಲಿಮೀಟರ್. ಪ್ರೊಸೆಸರ್‌ನ ನಡುವಿನಿಂದ ಕೆಳಕ್ಕೆ 75 ಮಿಲಿಮೀಟರ್ ಚಾಚಿಕೊಳ್ಳುತ್ತದೆ. ಮೈಕ್ರೊ ಎಟಿಎಕ್ಸ್ ಬೋರ್ಡ್‌ಗಳಲ್ಲಿ ಗ್ರಾಫಿಕ್ಸ್ ಕಾರ್ಡ್‌ನ ಸ್ಲಾಟ್ ಹಲವು ಬಾರಿ ಎಲ್ಲಕ್ಕಿಂತ ಮೇಲೆ, ಪ್ರೊಸೆಸರ್‌ಗೆ ಹತ್ತಿರದಲ್ಲಿಯೇ ಇರುತ್ತದೆ. ಪ್ರೊಸೆಸರ್‌ನ ನಡುವಿನಿಂದ ಕಾರ್ಡ್‌ನ ಬೆನ್ನಿನವರೆಗೆ ಎಷ್ಟು ದೂರ ಎಂದು ಅಳೆಯಿರಿ. 75ಕ್ಕಿಂತ ಕಡಿಮೆ ಇದ್ದರೆ ಮಾತು ಅಲ್ಲಿಗೇ ಮುಗಿಯಿತು.

ಎಎಂ4 ಕಿಟ್ (ಆ ಪಟ್ಟಿ, ಸ್ಕ್ರೂಗಳ ಕಟ್ಟು) ವಿಚಾರ: ಆ ಸಾಕೆಟ್ ಬರುವ ಮೊದಲು ಮಾರಾಟವಾದ ಕೂಲರ್‌ಗಳಿಗೂ ಕಂಪನಿ ಕಿಟ್ ಅನ್ನು ಉಚಿತವಾಗಿ ಕೊಡುತ್ತದೆ, ಖರೀದಿಯ ಬಿಲ್ ಕೇಳುತ್ತದೆ. ಮಾರುವವರ ಬಳಿ ಹಳೆಯ ಬಿಲ್ ಇದೆಯೇ ಎಂದು ವಿಚಾರಿಸಿ. ಇಲ್ಲದಿದ್ದರೆ ಕಿಟ್‌ನ ಬೆಲೆಯನ್ನೂ 3,500ಕ್ಕೆ ಕೂಡಿಸಿಕೊಳ್ಳಬೇಕು.

ಗಿರಿತಪ್ಪಲು (ಚಿಕ್ಕಮಗಳೂರು)

ತುಂಬ ಧನ್ಯವಾದ ಸರ್. ಕ್ಯಾಬಿನೆಟ್‌ನ ವಿವರಪುಟದಲ್ಲಿ 170 ಮಿಲಿಮೀಟರ್ ಎಂದಿದೆ. ರ‍್ಯಾಮ್ 44 ಮಿಲಿಮೀಟರ್ ಎತ್ತರವಿದೆ, ಹಾಗಾದರೆ ನಡುವಿನ ಫ್ಯಾನ್ ಒಂದೇ ಸರಿ. ಕಾರ್ಡ್‌ನ ದೂರ ಅಳೆಯಲು ಯಂತ್ರ ನಿಲ್ಲಿಸಬೇಕು. ಒಂದು ಮದುವೆಯ ವಿಡಿಯೊ ಕೊಡಲೇಬೇಕಾಗಿದೆ, ಅದು ಮುಗಿದ ಕೂಡಲೇ ನೋಡುತ್ತೇನೆ. ಬಿಲ್ ಹುಡುಕುತ್ತೇನೆಂದು ಮಾರುವವರು ಹೇಳಿದ್ದಾರೆ.

ಒಂದೇ ಫ್ಯಾನ್ ಹಾಕಿದರೆ ಇಷ್ಟು ದೊಡ್ಡ ಕೂಲರ್ ಕೊಂಡ ಲಾಭವೇ ಹೋಗುತ್ತದೆಯೇ?

ಸಖರಾಯಪಟ್ಟಣ

ಹೋಗುವುದಿಲ್ಲ ಮೇಡಂ. ನಡುವಿನ ಫ್ಯಾನ್ ಒಂದು ಗೋಪುರದಿಂದ ಗಾಳಿ ಎಳೆದು ಇನ್ನೊಂದಕ್ಕೆ ತಳ್ಳುತ್ತದೆ. ಎರಡು ಫ್ಯಾನ್‌ಗೂ ಒಂದಕ್ಕೂ ಕೆಲವೇ ಡಿಗ್ರಿಗಳ ಅಂತರ. ಉಳಿಯುವ ಫ್ಯಾನ್ ದಂಡವಾಗುವುದೂ ಇಲ್ಲ. ಅದರ ಚೌಕಟ್ಟು ದುಂಡಗಿದ್ದರೂ ಸ್ಕ್ರೂ ತೂತುಗಳು 120 ಮಿಲಿಮೀಟರ್ ಫ್ಯಾನ್‌ನ ಅಳತೆಯಲ್ಲಿಯೇ ಇವೆ. ಸುತ್ತ ಜಾಗವಿದ್ದರೆ ಕ್ಯಾಬಿನೆಟ್‌ಗೇ ಹಾಕಿಕೊಳ್ಳಬಹುದು.

ಭೌತಮೇಷ್ಟ್ರು (ಹಾಸನ)

ಈ ಚರ್ಚೆಯಲ್ಲಿ ಬೆಲೆ ಬಂತು, ಅಳತೆ ಬಂತು. ಶಾಖದ ಲೆಕ್ಕ ಇನ್ನೂ ಬಂದಿಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟವನಾಗಿ ಅದನ್ನು ಇಲ್ಲಿ ಇಡುತ್ತೇನೆ, ಏಕೆಂದರೆ ದೊಡ್ಡ ಕೂಲರ್ ಬೇಕೋ ಬೇಡವೋ ಎಂಬುದು ತೀರ್ಮಾನವಾಗುವುದು ಅಲ್ಲಿಯೇ.

ಕೋಣೆಯ ಉಷ್ಣತೆಗಿಂತ ಪ್ರೊಸೆಸರ್ ಎಷ್ಟು ಡಿಗ್ರಿ ಮೇಲೇರುತ್ತದೆ ಎಂಬುದು ಎರಡು ಸಂಖ್ಯೆಗಳ ಗುಣಲಬ್ಧ. ಒಂದು, ಅದು ಎಷ್ಟು ವ್ಯಾಟ್ ಶಾಖ ಹೊರಸೂಸುತ್ತದೆ. ಇನ್ನೊಂದು, ಒಂದೊಂದು ವ್ಯಾಟ್‌ಗೂ ಎಷ್ಟು ಡಿಗ್ರಿ ಏರುತ್ತದೆ; ಇದನ್ನು ಉಷ್ಣರೋಧ ಎನ್ನುತ್ತೇವೆ. ದೊಡ್ಡ ಕೂಲರ್ ಕಡಿಮೆ ಮಾಡುವುದು ಎರಡನೆಯದನ್ನು ಮಾತ್ರ. ಲೆಕ್ಕ ಸುಲಭವಾಗಲೆಂದು, ಚಿಕ್ಕ ಕೂಲರ್‌ಗಿಂತ ದೊಡ್ಡದರ ಉಷ್ಣರೋಧ ವ್ಯಾಟ್‌ಗೆ 0.1 ಡಿಗ್ರಿ ಕಡಿಮೆ ಎಂದು ಇಟ್ಟುಕೊಳ್ಳೋಣ. 65 ವ್ಯಾಟ್ ಶಾಖಕ್ಕೆ ಸಿಗುವ ಲಾಭ 6.5 ಡಿಗ್ರಿ. 250 ವ್ಯಾಟ್ ಸೂಸುವ ಪ್ರೊಸೆಸರ್ ಆಗಿದ್ದರೆ ಅದೇ ಕೂಲರ್ 25 ಡಿಗ್ರಿ ಇಳಿಸುತ್ತದೆ. ಆದ್ದರಿಂದಲೇ ಒಬ್ಬರಿಗೆ ಅದ್ಭುತವೆನಿಸಿದ ಕೂಲರ್ ಇನ್ನೊಬ್ಬರಿಗೆ ಏನೂ ಅನ್ನಿಸುವುದಿಲ್ಲ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಮೇಡಂ ಅವರ 5800ಎಕ್ಸ್‌ನ ಡಬ್ಬಿಯ ಮೇಲೆ 105 ವ್ಯಾಟ್ ಎಂದಿರುತ್ತದೆ. ಆದರೆ ಸಾಕೆಟ್‌ಗೆ ಕೊಟ್ಟಿರುವ ಮಿತಿ 142 ವ್ಯಾಟ್. ಇದು ನಡುವಿನ ವರ್ಗ. ಇದರಲ್ಲಿ ಇನ್ನೊಂದು ಸಂಗತಿಯೂ ಇದೆ. ಲೆಕ್ಕದ ಕೆಲಸ ಮಾಡುವ ಎಂಟೂ ಕೋರ್‌ಗಳು ಸುಮಾರು 80 ಚದರ ಮಿಲಿಮೀಟರ್‌ನ ಒಂದೇ ಚಿಕ್ಕ ಚಿಪ್‌ನಲ್ಲಿವೆ. ಅಷ್ಟು ಕಿರಿದಾದ ಜಾಗದಿಂದ ಶಾಖ ಮೇಲಿನ ಲೋಹದ ಮುಚ್ಚಳಕ್ಕೆ ದಾಟಬೇಕು, ಅಲ್ಲಿಂದ ಕೂಲರ್‌ಗೆ. ಕೆರೆಯ ತೂಬು ಚಿಕ್ಕದಿದ್ದರೆ ಕಾಲುವೆಯನ್ನು ಎಷ್ಟು ಅಗಲ ಮಾಡಿದರೂ ಗದ್ದೆಗೆ ಬರುವ ನೀರು ಹೆಚ್ಚುವುದಿಲ್ಲ, ಇಲ್ಲಿಯೂ ಹಾಗೆಯೇ. ದೊಡ್ಡ ಕೂಲರ್ ಹಾಕಿದರೆ ಈ ಪ್ರೊಸೆಸರ್ ತಂಪಾಗುತ್ತದೆ, ಆದರೆ ಲೋಹದ ಗಾತ್ರ ನೋಡಿ ನಾವು ನಿರೀಕ್ಷಿಸುವಷ್ಟು ಅಲ್ಲ.

ಇನ್ನು 90 ಡಿಗ್ರಿ. ಈ ಪ್ರೊಸೆಸರ್‌ಗೆ ತಯಾರಕರು ಕೊಟ್ಟ ಗರಿಷ್ಠ ಮಿತಿಯೇ ಅದು. ಮಿತಿ ಮುಟ್ಟಿದಾಗ ಅದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ, ಸುಟ್ಟುಹೋಗುವುದಿಲ್ಲ. ಗಾಬರಿಯಿಂದ ಕೊಳ್ಳುವ ಅಗತ್ಯವಿಲ್ಲ ಎಂದು ಹೇಳಲು ಇದನ್ನು ಬರೆದೆ.

ನಮ್ಮ ಎರಡೂ ಜಿಲ್ಲೆಗಳಿಗೆ ಸಂಬಂಧಿಸಿದ ಒಂದು ಮಾತು. ಹಾಸನವಾಗಲಿ ಚಿಕ್ಕಮಗಳೂರಾಗಲಿ ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿವೆ. ಅಷ್ಟು ಎತ್ತರದಲ್ಲಿ ಗಾಳಿಯ ಸಾಂದ್ರತೆ ಶೇಕಡ 9ರಿಂದ 10ರಷ್ಟು ಕಡಿಮೆ. ಫ್ಯಾನ್ ಅದೇ ವೇಗದಲ್ಲಿ ತಿರುಗಿದರೂ ಹೊತ್ತೊಯ್ಯುವ ಗಾಳಿಯ ತೂಕ ಅಷ್ಟು ಕಡಿಮೆಯಾಗುತ್ತದೆ. ಆದರೆ ನಮ್ಮ ಕೋಣೆಗಳು ಕಲಬುರಗಿ, ರಾಯಚೂರಿನ ಕೋಣೆಗಳಿಗಿಂತ ಎಷ್ಟೋ ತಂಪು. ಕೋಣೆ ಒಂದು ಡಿಗ್ರಿ ತಂಪಾದರೆ ಪ್ರೊಸೆಸರ್ ಕೂಡ ಹೆಚ್ಚುಕಡಿಮೆ ಒಂದು ಡಿಗ್ರಿ ಇಳಿಯುತ್ತದೆ. ಒಟ್ಟಿನಲ್ಲಿ ನಾವು ಲಾಭದಲ್ಲಿಯೇ ಇದ್ದೇವೆ.

ಕೊಳ್ಳುವ ಮೊದಲು ಖರ್ಚಿಲ್ಲದ ಎರಡು ಪರೀಕ್ಷೆ ಮಾಡಿ. ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಅದೇ ರೆಂಡರ್ ನಡೆಸಿ. ಉಷ್ಣತೆ ಗಮನಾರ್ಹವಾಗಿ ಇಳಿದರೆ ಕೂಲರ್‌ಗಿಂತ ಮೊದಲು ಕ್ಯಾಬಿನೆಟ್‌ನ ಗಾಳಿಯನ್ನು ಸರಿಪಡಿಸಬೇಕು. ಆಮೇಲೆ ಬಯೋಸ್‌ಗೆ (ಮದರ್‌ಬೋರ್ಡ್‌ನ ಮೂಲ ಹೊಂದಿಕೆಗಳ ಪುಟಕ್ಕೆ) ಹೋಗಿ ವಿದ್ಯುತ್ ಮಿತಿಯನ್ನು 142ರಿಂದ 88 ವ್ಯಾಟ್‌ಗೆ ಇಳಿಸಿ. ಕೆಲವು ಬೋರ್ಡ್‌ಗಳಲ್ಲಿ ಇದು ಇಕೊ ಮೋಡ್ ಎಂಬ ಹೆಸರಿನಲ್ಲಿರುತ್ತದೆ. ರೆಂಡರ್ ಎಷ್ಟು ನಿಧಾನವಾಯಿತು, ಉಷ್ಣತೆ ಎಷ್ಟು ಇಳಿಯಿತು ಎಂದು ಬರೆದಿಟ್ಟುಕೊಳ್ಳಿ.

ಮೂಡಿಗೆರೆ ಮಳೆ

ಮೇಷ್ಟ್ರ ಲೆಕ್ಕ ಓದಿ ಮನಸ್ಸು ತಿಳಿಯಾಯಿತು. ನಮ್ಮ ಕಡೆ ಮಳೆಗಾಲದಲ್ಲಿ ತಿಂಗಳುಗಟ್ಟಲೆ ತೇವ ಹೋಗುವುದಿಲ್ಲ. ಲೋಹಕ್ಕೆ ನೀರು ಕೂಡಿಕೊಳ್ಳುತ್ತದೆಯೇ ಎಂಬ ಭಯ ಕೆಲವರಿಗಿದೆ. ಗಾಳಿಯ ಕೂಲರ್ ಯಾವತ್ತೂ ಕೋಣೆಗಿಂತ ತಂಪಾಗುವುದಿಲ್ಲ, ಆದ್ದರಿಂದ ಯಂತ್ರ ನಡೆಯುತ್ತಿರುವಾಗ ಅದರ ಮೇಲೆ ಹನಿ ಕೂಡುವ ಪ್ರಶ್ನೆಯೇ ಇಲ್ಲ. ನಿಜವಾದ ಕಾಟ ದೂಳು, ಜೇಡರ ಬಲೆ ಮತ್ತು ದೀಪಕ್ಕೆ ಬರುವ ಹುಳುಗಳದ್ದು. ದೊಡ್ಡ ಕೂಲರ್‌ನ ಎರಡು ಗೋಪುರಗಳ ನಡುವೆ ಸಿಕ್ಕಿಕೊಂಡ ದೂಳನ್ನು ತೆಗೆಯಬೇಕಾದರೆ ಫ್ಯಾನ್ ಬಿಚ್ಚಲೇಬೇಕು. ಬಿಚ್ಚಲು ತಂತಿಯ ಕ್ಲಿಪ್ ಸುಲಭ, ಆದರೆ ಆ ಕೆಲಸ ಮಾಡುವ ಮನಸ್ಸು ಇರಬೇಕು.

ಒಂದು ಪ್ರಶ್ನೆ. ಇಷ್ಟೆಲ್ಲ ಅಳತೆಯ ತಲೆನೋವು ಏಕೆ, ನೀರಿನ ಕೂಲರ್ ಹಾಕಿದರೆ ಆಗದೇ?

ರಿಪೇರಿ ಮೇಜು (ಹಾಸನ)

ಆಗುತ್ತದೆ. ಆದರೆ ಅದರಲ್ಲಿ ಪಂಪ್ ಇದೆ, ಕೊಳವೆಗಳಿವೆ. ವರ್ಷಗಳು ಕಳೆದಂತೆ ಒಳಗಿನ ದ್ರವ ಕೊಳವೆಯ ಮೂಲಕ ನಿಧಾನವಾಗಿ ಆವಿಯಾಗಿ ಕಡಿಮೆಯಾಗುತ್ತದೆ. ಪಂಪ್ ನಿಂತರೆ ಇಡೀ ಕೂಲರ್ ಎಸೆಯಬೇಕು. ಗಾಳಿಯ ಕೂಲರ್‌ನಲ್ಲಿ ಸಾಮಾನ್ಯವಾಗಿ ಕೆಡುವುದು ಫ್ಯಾನ್ ಒಂದೇ, ಅದು ಯಾವ ಊರಿನಲ್ಲಾದರೂ ಸಿಗುತ್ತದೆ. ಚಿಕ್ಕ ಊರುಗಳಲ್ಲಿ ಇರುವವರಿಗೆ ನಾನು ಯಾವಾಗಲೂ ಗಾಳಿಯದನ್ನೇ ಹೇಳುತ್ತೇನೆ.

ಹೇಮಾವತಿ ದಂಡೆ (ಹಾಸನ)

ಎಲ್ಲರೂ ಡಿಗ್ರಿ ಎಣಿಸುತ್ತಿದ್ದೀರಿ. ಮೇಡಂ ಬರೆದದ್ದನ್ನು ಇನ್ನೊಮ್ಮೆ ಓದಿ. ಅವರ ನಿಜವಾದ ತೊಂದರೆ ಸದ್ದು. ದೊಡ್ಡ ಕೂಲರ್‌ಗೆ ನಾವು ಕೊಡುವ ಹಣ ನಿಶ್ಶಬ್ದಕ್ಕೆ ಎಂದೇ ನಾನು ತಿಳಿದಿದ್ದೇನೆ. ಚಿಕ್ಕ ಕೂಲರ್ ಕೂಡ ಫ್ಯಾನ್ ಜೋರಾಗಿ ತಿರುಗಿಸಿ ಅಷ್ಟೇ ಶಾಖ ಹೊರಹಾಕಬಲ್ಲದು. ಲೋಹದ ಮೇಲ್ಮೈ ವಿಸ್ತಾರವಾಗಿದ್ದರೆ ಅದೇ ಕೆಲಸಕ್ಕೆ ಫ್ಯಾನ್ ನಿಧಾನವಾಗಿ ತಿರುಗಿದರೆ ಸಾಕು. ಡಿ15 ಜೊತೆ ಬರುವ ಫ್ಯಾನ್‌ಗಳ ಗರಿಷ್ಠ ವೇಗವೇ ನಿಮಿಷಕ್ಕೆ 1,500 ಸುತ್ತು. ಆ ವೇಗದಲ್ಲಿಯೂ ಕಂಪನಿ ಹೇಳುವ ಸದ್ದು 24.6 ಡೆಸಿಬೆಲ್ ಮಾತ್ರ. ಕತ್ತಲಾದ ಮೇಲೆ, ಬೀದಿ ಶಾಂತವಾದಾಗ ಧ್ವನಿಮುದ್ರಣ ಮಾಡುವವರಿಗೆ ಇದು ಸಣ್ಣ ವಿಚಾರವಲ್ಲ. ಹಾಡು, ಹರಿಕಥೆ, ಮಾಹಿತಿ ವಿಡಿಯೊ ಏನೇ ಇರಲಿ, ಮಾತಿನ ನಡುವಿನ ಮೌನದಲ್ಲಿ ಫ್ಯಾನ್ ಕೇಳಿಸಿದರೆ ಮನಸ್ಸು ಕೆಡುತ್ತದೆ. ಸದ್ದು ತೆಗೆಯುವ ತಂತ್ರಾಂಶ ಬಳಸಿದರೆ ದನಿಯ ಜೀವವೂ ಸ್ವಲ್ಪ ಹೋಗುತ್ತದೆ.

ನನ್ನದು ಪೂರ್ಣ ಗಾತ್ರದ ಎಟಿಎಕ್ಸ್ ಬೋರ್ಡ್, ಇಂಟೆಲ್‌ನ ಐ7 12700ಕೆ ಪ್ರೊಸೆಸರ್. ಟರ್ಬೊದಲ್ಲಿ, ಅಂದರೆ ವೇಗ ಏರಿಸಿಕೊಂಡಾಗ, 190 ವ್ಯಾಟ್‌ವರೆಗೆ ಹೋಗುತ್ತದೆ. ಮೇಷ್ಟ್ರ ಲೆಕ್ಕದ ಪ್ರಕಾರ ನನಗೆ ಇದರ ಲಾಭ ಹೆಚ್ಚು. ಮೇಡಂ, ನೀವೇ ಮೊದಲು ಕೇಳಿದವರು, ನಿಮಗೆ ಹಿಡಿಸಿದರೆ ದಯವಿಟ್ಟು ತೆಗೆದುಕೊಳ್ಳಿ. ಒಂದು ವೇಳೆ ಬೇಡವೆನಿಸಿದರೆ ತಿಳಿಸಿ, ನಾನು ಹಾಸನದಲ್ಲಿಯೇ ಇದ್ದೇನೆ.

ಬೇಲೂರು ಸ್ಟುಡಿಯೊ

ಸಾಗಣೆಯ ಬಗ್ಗೆ ಎಚ್ಚರ. ಫ್ಯಾನ್ ಸಮೇತ ಇದರ ತೂಕ 1,320 ಗ್ರಾಂ. ಅದು ಬೋರ್ಡ್ ಮೇಲೆ ಅಡ್ಡಕ್ಕೆ ಚಾಚಿ ನಿಂತಿರುತ್ತದೆ. ಮನೆಯಲ್ಲಿ ಒಂದೇ ಕಡೆ ಇಟ್ಟರೆ ಏನೂ ತೊಂದರೆಯಿಲ್ಲ. ಆದರೆ ಯಂತ್ರವನ್ನು ಕಾರ್ಯಕ್ರಮಗಳಿಗೆ ಹೊತ್ತೊಯ್ಯುವವರು ಕಾರಿನಲ್ಲಿ ಮಲಗಿಸಿಯೇ ಒಯ್ಯಬೇಕು, ಬೋರ್ಡ್ ಕೆಳಗೆ, ಕೂಲರ್ ಮೇಲೆ ಇರುವಂತೆ. ಕೊರಿಯರ್‌ಗೆ ಕೊಡುವುದಾದರೆ ಕೂಲರ್ ಬಿಚ್ಚಿಯೇ ಕೊಡಬೇಕು.

ಗಿರಿತಪ್ಪಲು (ಚಿಕ್ಕಮಗಳೂರು)

ಮದುವೆಯ ಕೆಲಸ ಮುಗಿಯಿತು. ಮೇಷ್ಟ್ರು ಹೇಳಿದ ಪರೀಕ್ಷೆ ಮಾಡಿದೆ. ಒಂದೇ ವಿಡಿಯೊ, ಒಂದೇ ಕೋಣೆ, ಸಂಜೆಯ ಹೊತ್ತು.

ಬಾಗಿಲು ಮುಚ್ಚಿ, ಯಾವ ಬದಲಾವಣೆಯೂ ಇಲ್ಲದೆ: 90 ಡಿಗ್ರಿ, 20 ನಿಮಿಷ. ಬಾಗಿಲು ತೆಗೆದಾಗ 84. ಬಾಗಿಲು ಮುಚ್ಚಿ ಮಿತಿಯನ್ನು 88 ವ್ಯಾಟ್‌ಗೆ ಇಳಿಸಿದಾಗ 73 ಡಿಗ್ರಿ, 22 ನಿಮಿಷ. ಎರಡು ನಿಮಿಷ ಹೆಚ್ಚಾದದ್ದಕ್ಕೆ ಇಷ್ಟು ಇಳಿಯಿತೆಂದು ಆಶ್ಚರ್ಯವಾಯಿತು. ಫ್ಯಾನ್ ಕೂಡ ತಗ್ಗಿತು, ಆದರೂ ಮೈಕ್‌ನಲ್ಲಿ ಇನ್ನೂ ಕೇಳಿಸುತ್ತದೆ. ಹೇಮಾವತಿ ದಂಡೆಯವರು ನನ್ನ ಮನಸ್ಸಿನಲ್ಲಿದ್ದುದನ್ನೇ ಬರೆದಿದ್ದಾರೆ. ನನಗೆ ಬೇಕಾದದ್ದು ನಿಶ್ಶಬ್ದವೇ.

ಕ್ಯಾಬಿನೆಟ್‌ನ ಮುಂಭಾಗ ಗಾಜು, ಪಕ್ಕದಲ್ಲಿ ಕಿರಿದಾದ ಸಂದು ಮಾತ್ರ. ಒಳಗೆ ಗಾಳಿ ಎಳೆಯುವ ಫ್ಯಾನ್ ಒಂದೂ ಇಲ್ಲ, ಹಿಂದೆ ಹೊರಹಾಕುವುದೊಂದು ಇದೆ.

ಕೊನೆಗೆ ಕಾರ್ಡ್‌ನ ದೂರ. ಪ್ರೊಸೆಸರ್‌ನ ನಡುವಿನಿಂದ ಕಾರ್ಡ್‌ನ ಬೆನ್ನಿಗೆ 68 ಮಿಲಿಮೀಟರ್. ತಮ್ಮನನ್ನೂ ಕರೆದು ಅಳೆಸಿದೆ, ಅವನಿಗೂ ಅಷ್ಟೇ ಬಂತು.

ಸಖರಾಯಪಟ್ಟಣ

ಕಾರ್ಡ್ ಅನ್ನು ಕೆಳಗಿನ ಉದ್ದದ ಸ್ಲಾಟ್‌ಗೆ ಇಳಿಸಿದರೆ ಜಾಗ ಸಿಗುತ್ತದೆ ಅಲ್ಲವೇ?

ರಿಪೇರಿ ಮೇಜು (ಹಾಸನ)

ಬಿ550 ಬೋರ್ಡ್‌ಗಳಲ್ಲಿ ಕೆಳಗಿನ ಸ್ಲಾಟ್ ನೋಡಲು ಅಷ್ಟೇ ಉದ್ದವಿದ್ದರೂ ಸಾಮಾನ್ಯವಾಗಿ ನಾಲ್ಕು ಲೇನ್‌ಗಳಷ್ಟೇ (ಮಾಹಿತಿ ಸಾಗುವ ದಾರಿಗಳು) ಕೆಲಸ ಮಾಡುತ್ತವೆ, ಅವೂ ಚಿಪ್‌ಸೆಟ್ ಮೂಲಕ ಬರುತ್ತವೆ. ಮೇಲಿನದರಲ್ಲಿ ಹದಿನಾರು ಲೇನ್‌ಗಳು ನೇರವಾಗಿ ಪ್ರೊಸೆಸರ್‌ನಿಂದ. ಒಂದು ಕೂಲರ್‌ಗಾಗಿ ಸಂಕಲನದ ಯಂತ್ರದ ಗ್ರಾಫಿಕ್ಸ್ ಕಾರ್ಡನ್ನು ಹಿಂಡುವುದು ಬೇಡ. ಇದೇ ಕಂಪನಿಯ ಡಿ15ಎಸ್ ಎಂಬ ಮಾದರಿಯನ್ನು ಈ ತೊಂದರೆಗೆಂದೇ ಪಕ್ಕಕ್ಕೆ ಸರಿಸಿ ಮಾಡಿದ್ದಾರೆ. ಆದರೆ ಮಾರಾಟಕ್ಕಿರುವುದು ಅದಲ್ಲ.

ಮೇಡಂ, 68 ಎಂದರೆ ಈ ಕೂಲರ್ ನಿಮಗಲ್ಲ. ಏಳು ಮಿಲಿಮೀಟರ್ ಕಾರ್ಡ್‌ನ ಒಳಕ್ಕೇ ಹೋಗಬೇಕಾಗುತ್ತದೆ. ಬೇಸರ ಬೇಡ. ನಿಮಗೆ ಬೇಕಾದ ಕೆಲಸವನ್ನು ಚಿಕ್ಕ ದೇಹದಲ್ಲಿ ಮಾಡುವ ಕೂಲರ್‌ಗಳು ಈಗ ಇವೆ. ಥರ್ಮಲ್‌ರೈಟ್ ಕಂಪನಿಯ ಪೀರ್‌ಲೆಸ್ ಅಸಾಸಿನ್ 120 ಎಸ್‌ಇ ನೋಡಿ. ಎರಡು ಗೋಪುರ, ಆರು ಹೀಟ್‌ಪೈಪ್, 120 ಮಿಲಿಮೀಟರ್‌ನ ಎರಡು ಫ್ಯಾನ್. ಎತ್ತರ 155, ಕಾರ್ಡ್ ಕಡೆಗಿನ ಅಗಲ 125. ನಡುವಿನಿಂದ ಕೆಳಕ್ಕೆ ಬರುವುದು 62.5, ನಿಮ್ಮ 68ರಲ್ಲಿ ಐದು ಮಿಲಿಮೀಟರ್ ಉಳಿಯುತ್ತದೆ. ಮುಂದಿನ ಫ್ಯಾನ್ ರ‍್ಯಾಮ್‌ಗೆ ತಾಗಿದರೆ ಕ್ಲಿಪ್ ಸಡಿಲಿಸಿ ಮೇಲಕ್ಕೆ ಸರಿಸಿ, 170ರ ಕ್ಯಾಬಿನೆಟ್‌ನಲ್ಲಿ ಅದಕ್ಕೂ ಜಾಗವಿದೆ. ಎಎಂ4 ಪಟ್ಟಿಗಳು ಡಬ್ಬಿಯಲ್ಲಿಯೇ ಬರುತ್ತವೆ. ಹೊಸದಕ್ಕೂ ಆ ಹಳೆಯದಕ್ಕೂ ಬೆಲೆಯಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ, ಮೇಲಾಗಿ ವಾರಂಟಿ ಇದೆ.

ಜೊತೆಗೆ ಮುಂಭಾಗಕ್ಕೆ ಒಳ್ಳೆಯ 120 ಅಥವಾ 140 ಮಿಲಿಮೀಟರ್ ಫ್ಯಾನ್ ಒಂದಾದರೂ ಹಾಕಿಸಿ. ಬಾಗಿಲು ತೆಗೆದಾಗ ಆರು ಡಿಗ್ರಿ ಇಳಿದಿದೆ ಎಂದರೆ ಕ್ಯಾಬಿನೆಟ್ ಉಸಿರು ಕಟ್ಟಿ ಕೂತಿದೆ.

ಹಳೆಯ ಕೂಲರ್ ತೆಗೆಯುವಾಗ ಬಹಳ ಜೋಪಾನ. ಎಎಂ4 ಪ್ರೊಸೆಸರ್‌ನ ಪಿನ್‌ಗಳು ಪ್ರೊಸೆಸರ್‌ನಲ್ಲಿಯೇ ಇರುತ್ತವೆ. ಪ್ರೊಸೆಸರ್‌ಗೂ ಕೂಲರ್‌ಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಗಟ್ಟಿಯಾಗಿದ್ದರೆ ಕೂಲರ್ ಎಳೆದಾಗ ಪ್ರೊಸೆಸರ್ ಸಾಕೆಟ್‌ನಿಂದ ಕಿತ್ತು ಬಂದು ಪಿನ್ ಬಾಗುತ್ತದೆ. ಮೊದಲು ಸ್ವಲ್ಪ ಹೊತ್ತು ಭಾರದ ಕೆಲಸ ಕೊಟ್ಟು ಬಿಸಿ ಮಾಡಿ, ಯಂತ್ರ ಆರಿಸಿ, ವೈರ್ ಕಿತ್ತು, ಸ್ಕ್ರೂ ಬಿಚ್ಚಿದ ಮೇಲೆ ಕೂಲರ್ ಅನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸುತ್ತ ಸಡಿಲಿಸಿ. ನೇರವಾಗಿ ಮೇಲಕ್ಕೆ ಎಳೆಯಬೇಡಿ.

ಗಿರಿತಪ್ಪಲು (ಚಿಕ್ಕಮಗಳೂರು)

ಹಾಗಾದರೆ ತೀರ್ಮಾನವಾಯಿತು, ಡಿ15 ಬಿಡುತ್ತೇನೆ. ಹೇಮಾವತಿ ದಂಡೆಯವರೇ, ಮಾರುವವರ ವಿವರವನ್ನು ನಿಮಗೆ ಖಾಸಗಿಯಾಗಿ ಕಳುಹಿಸಿದ್ದೇನೆ. ಬಿಲ್ ಸಿಕ್ಕಿತಂತೆ, ಹಾಗಾಗಿ ಕಿಟ್‌ಗೆ ತೊಂದರೆಯಾಗಲಾರದು.

ಹೇಮಾವತಿ ದಂಡೆ (ಹಾಸನ)

ತುಂಬು ಹೃದಯದ ಧನ್ಯವಾದ ಮೇಡಂ. ನನ್ನ ಬೋರ್ಡ್‌ನಲ್ಲಿ ಕಾರ್ಡ್‌ಗೆ 90ಕ್ಕೂ ಹೆಚ್ಚು ದೂರವಿದೆ, ಕ್ಯಾಬಿನೆಟ್ 180 ಎನ್ನುತ್ತದೆ, ರ‍್ಯಾಮ್ ಗಿಡ್ಡದು. 12700ಕೆಯ ಎಲ್‌ಜಿಎ1700 ಸಾಕೆಟ್‌ಗೆ ಹಳೆಯ ಇಂಟೆಲ್ ಪಟ್ಟಿ ಆಗುವುದಿಲ್ಲ ಎಂಬುದು ಗೊತ್ತು, ತೂತುಗಳ ಅಂತರ 75ರಿಂದ 78 ಮಿಲಿಮೀಟರ್‌ಗೆ ಹೋಗಿದೆ. ಬಿಲ್ ತೋರಿಸಿ ಆ ಕಿಟ್ ತರಿಸಿಕೊಳ್ಳುತ್ತೇನೆ.

ಮೇಷ್ಟ್ರೇ, ಹೋಗಿ ನೋಡುವಾಗ ಏನನ್ನು ಪರೀಕ್ಷಿಸಬೇಕು? ಹೊರಗಿನಿಂದ ನೋಡಿದರೆ ಹೀಟ್‌ಪೈಪ್ ಸರಿಯಿದೆಯೋ ಇಲ್ಲವೋ ತಿಳಿಯುವುದಿಲ್ಲವಲ್ಲ.

ಭೌತಮೇಷ್ಟ್ರು (ಹಾಸನ)

ಹೊರಗಿನಿಂದ ತಿಳಿಯುವುದಿಲ್ಲ, ನಿಜ. ಹೀಟ್‌ಪೈಪ್ ಎಂದರೆ ಗಟ್ಟಿ ತಾಮ್ರದ ಸರಳಲ್ಲ. ಒಳಗೆ ಟೊಳ್ಳು, ಗಾಳಿ ತೆಗೆದು ಸ್ವಲ್ಪವೇ ನೀರು ಬಿಟ್ಟು ಮುಚ್ಚಿರುತ್ತಾರೆ. ಒತ್ತಡ ಅಷ್ಟು ಕಡಿಮೆಯಿರುವುದರಿಂದ ಆ ನೀರು ಸ್ವಲ್ಪ ಬಿಸಿಗೇ ಆವಿಯಾಗಿ, ಶಾಖ ಹೊತ್ತು ತುದಿಗೆ ಓಡಿ, ಅಲ್ಲಿ ಮತ್ತೆ ನೀರಾಗುತ್ತದೆ. ಕೊಳವೆಯ ಒಳಗೋಡೆಗೆ ಅಂಟಿಸಿದ ಸೂಕ್ಷ್ಮ ರಂಧ್ರಗಳ ಪದರ ಆ ನೀರನ್ನು ಬತ್ತಿ ಎಣ್ಣೆ ಹೀರುವ ನಿಯಮದಿಂದಲೇ ಬುಡಕ್ಕೆ ಮರಳಿಸುತ್ತದೆ. 1963ರಲ್ಲಿ ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಜಾರ್ಜ್ ಗ್ರೋವರ್ ಇದನ್ನು ಪ್ರಯೋಗದಿಂದ ತೋರಿಸಿದರು. ಗಾಳಿಯೇ ಇಲ್ಲದ ಕಡೆ ಶಾಖ ಸಾಗಿಸಲು ಉಪಗ್ರಹಗಳಲ್ಲಿಯೂ ಇದೇ ತತ್ವದ ಕೊಳವೆಗಳಿರುತ್ತವೆ, ಸಾಮಾನ್ಯವಾಗಿ ಒಳಗೆ ನೀರಿನ ಬದಲು ಅಮೋನಿಯ. ನಮ್ಮ ಹಾಸನದ ಇಸ್ರೊ ಕೇಂದ್ರದಿಂದ ನಿಯಂತ್ರಿಸುವ ಉಪಗ್ರಹಗಳ ವಿಷಯ ಮಕ್ಕಳಿಗೆ ಹೇಳುವಾಗ ನಾನು ಈ ಕೊಳವೆಯನ್ನು ತಪ್ಪದೆ ವಿವರಿಸುತ್ತಿದ್ದೆ.

ಒಂದು ಬಟ್ಟಲು ಬಿಸಿನೀರು ಸಾಕು. ಫ್ಯಾನ್ ತೆಗೆದು, ಕೂಲರ್‌ನ ಬುಡವನ್ನು ಮಾತ್ರ ನೀರಿಗೆ ತಾಗಿಸಿ, ಮೇಲೆ ಕಾಣುವ ಹೀಟ್‌ಪೈಪ್ ತುದಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿ. ಸರಿಯಿರುವ ಕೊಳವೆಯ ತುದಿ ಕೆಲವೇ ಕ್ಷಣಗಳಲ್ಲಿ ಬೆಚ್ಚಗಾಗುತ್ತದೆ. ಯಾವುದಾದರೂ ಒಂದು ತಣ್ಣಗೇ ಉಳಿದರೆ ಅದರೊಳಗಿನ ನೀರು ಹೋಗಿದೆ, ಬೇಡ ಎಂದು ಹೇಳಿ ಬನ್ನಿ. ಆಮೇಲೆ ಚೆನ್ನಾಗಿ ಒರೆಸಿ ಒಣಗಿಸಬೇಕು. ಬುಡದ ಮೇಲೆ ಆಳವಾದ ಗೀರುಗಳಿವೆಯೇ ನೋಡಿ. ರೆಕ್ಕೆಗಳು ಸ್ವಲ್ಪ ಬಾಗಿದ್ದರೆ ಕೈಯಲ್ಲಿಯೇ ನೇರ ಮಾಡಬಹುದು.

ರಿಪೇರಿ ಮೇಜು (ಹಾಸನ)

ಫ್ಯಾನ್‌ಗೆ ವಿದ್ಯುತ್ ಕೊಟ್ಟು ಕಿವಿ ಹತ್ತಿರ ಹಿಡಿದು ಕೇಳಿ. ಕಟಕಟ ಎಂದರೆ ಬೇರಿಂಗ್ ಸವೆದಿದೆ. ಕಂಪನಿಯ ವಾರಂಟಿ ಆರು ವರ್ಷ, 2016ರದ್ದು ಎಂದೋ ಮುಗಿದಿದೆ. ಸದ್ದಿದ್ದರೆ ಬೆಲೆ ಇಳಿಸಿ ಕೇಳಿ. ಪರೀಕ್ಷೆಗೆ ಜಾಗ ಬೇಕಾದರೆ ಇಬ್ಬರೂ ಅಂಗಡಿಗೆ ಬನ್ನಿ.

ಹೇಮಾವತಿ ದಂಡೆ (ಹಾಸನ)

ತೆಗೆದುಕೊಂಡೆ. ಆರೂ ಕೊಳವೆಗಳು ಒಂದೇ ಹದಕ್ಕೆ ಬೆಚ್ಚಗಾದವು. ಒಂದು ಫ್ಯಾನ್‌ನಲ್ಲಿ ಸಣ್ಣ ಸದ್ದಿತ್ತು, 3,000ಕ್ಕೆ ಒಪ್ಪಿದರು. ಕಿಟ್ ಬರುವವರೆಗೆ ಡಬ್ಬಿಯಲ್ಲಿಯೇ ಇರುತ್ತದೆ.

ಗಿರಿತಪ್ಪಲು (ಚಿಕ್ಕಮಗಳೂರು)

ಅಭಿನಂದನೆಗಳು. ನನ್ನದೂ ಬಂತು. ಪೀರ್‌ಲೆಸ್ ಅಸಾಸಿನ್ 4,000ಕ್ಕೆ ಸ್ವಲ್ಪ ಕಡಿಮೆಗೆ ಸಿಕ್ಕಿತು, ಮುಂಭಾಗಕ್ಕೆ ಒಂದು 140 ಮಿಲಿಮೀಟರ್ ಫ್ಯಾನ್ ಕೂಡ ಹಾಕಿಸಿದೆ. ಕಾರ್ಡ್‌ಗೂ ಕೂಲರ್‌ಗೂ ನಡುವೆ ಕಿರುಬೆರಳ ತುದಿ ತೂರುವಷ್ಟು ಜಾಗವಿದೆ. ರ‍್ಯಾಮ್ ಮೇಲೆ ಫ್ಯಾನ್ ಅನ್ನು ಸ್ವಲ್ಪ ಎತ್ತಬೇಕಾಯಿತು, ಬಾಗಿಲು ಸಲೀಸಾಗಿ ಮುಚ್ಚಿತು.

142 ವ್ಯಾಟ್‌ನಲ್ಲಿ 79 ಡಿಗ್ರಿ, 88 ವ್ಯಾಟ್‌ನಲ್ಲಿ 62. ಮೇಷ್ಟ್ರು ಹೇಳಿದ ಹಾಗೆ ಹೆಚ್ಚು ಶಾಖದಲ್ಲಿಯೂ ಪವಾಡವೇನೂ ಆಗಲಿಲ್ಲ, ಆದರೆ 88ಕ್ಕೆ ಇಳಿಸಿದಾಗ ಫ್ಯಾನ್‌ನ ಸದ್ದು ಮೈಕ್‌ಗೆ ಸಿಗುತ್ತಲೇ ಇಲ್ಲ. ಧ್ವನಿ ಕೊಡುವ ದಿನ 88, ಬರೀ ರೆಂಡರ್ ಇರುವ ದಿನ 142 ಎಂದು ಇಟ್ಟುಕೊಂಡಿದ್ದೇನೆ.

ಒಂದೇ ಒಂದು ಕಿರಿಕಿರಿ ಉಳಿದಿದೆ. ಏನಾದರೂ ತೆರೆದ ಕೂಡಲೇ ಫ್ಯಾನ್ ಒಮ್ಮೆ ಜೋರಾಗಿ, ಮತ್ತೆ ತಗ್ಗುತ್ತದೆ. ಈ ಏರಿಳಿತ ಒಂದೇ ಸಮನೆ ಇರುವ ಸದ್ದಿಗಿಂತ ಹೆಚ್ಚು ಕಾಡುತ್ತದೆ.

ರಿಪೇರಿ ಮೇಜು (ಹಾಸನ)

ಈ ಪ್ರೊಸೆಸರ್‌ಗಳ ಉಷ್ಣತೆ ಕ್ಷಣಮಾತ್ರದಲ್ಲಿ ಹತ್ತು ಡಿಗ್ರಿ ಹಾರಿ ಇಳಿಯುತ್ತದೆ, ಫ್ಯಾನ್ ಅದನ್ನು ಹಿಂಬಾಲಿಸುತ್ತದೆ. ಬಯೋಸ್‌ನ ಫ್ಯಾನ್ ವಿಭಾಗದಲ್ಲಿ ವೇಗ ಏರುವ ಮೊದಲು ಕೆಲವು ಸೆಕೆಂಡ್ ಕಾಯುವಂತೆ ಹೊಂದಿಸುವ ಆಯ್ಕೆ ಇರುತ್ತದೆ. ಅದನ್ನು ಹೆಚ್ಚು ಮಾಡಿ. 65 ಡಿಗ್ರಿವರೆಗೆ ಒಂದೇ ವೇಗ, ಶೇಕಡ 40ರ ಆಸುಪಾಸು ಇರಲಿ. ಅದರ ಮೇಲೆ ನಿಧಾನವಾಗಿ ಏರಲಿ. ನಿಮ್ಮ 88 ವ್ಯಾಟ್‌ನ ದಿನಗಳಲ್ಲಿ ಫ್ಯಾನ್ ಆ ಗೆರೆ ದಾಟುವುದೇ ಇಲ್ಲ.

ಗಿರಿತಪ್ಪಲು (ಚಿಕ್ಕಮಗಳೂರು)

ಹೊಂದಿಸಿದೆ ಸರ್, ಏರಿಳಿತ ನಿಂತಿತು. ಹಳೆಯ ನಾಲ್ಕು ಹೀಟ್‌ಪೈಪ್‌ಗಳ ಕೂಲರ್ ಪಟ್ಟಿ, ಸ್ಕ್ರೂ ಸಮೇತ ಇದೆ, ಎಎಂ4ಗೆ ಆಗುತ್ತದೆ. 65 ವ್ಯಾಟ್‌ನ ಪ್ರೊಸೆಸರ್ ಇರುವ ವಿದ್ಯಾರ್ಥಿಗಳು ಯಾರಾದರೂ ಚಿಕ್ಕಮಗಳೂರಿನಲ್ಲಿ ಇದ್ದರೆ ತಿಳಿಸಿ, ಹಣ ಬೇಡ, ಬಂದು ತೆಗೆದುಕೊಂಡು ಹೋಗಲಿ.

ಸಖರಾಯಪಟ್ಟಣ

ನನ್ನ ಸಹಪಾಠಿಯೊಬ್ಬನ ಬಳಿ ರೈಜನ್ 5 5600ಜಿ ಇದೆ, ಡಬ್ಬಿಯಲ್ಲಿ ಬಂದ ಚಿಕ್ಕ ಕೂಲರ್‌ನಲ್ಲಿಯೇ ನಡೆಸುತ್ತಿದ್ದಾನೆ. ಅವನ ಕ್ಯಾಬಿನೆಟ್‌ನ ಎತ್ತರ, ಕಾರ್ಡ್‌ನ ದೂರ ಎರಡನ್ನೂ ಅಳೆದು ಇವತ್ತೇ ನಿಮಗೆ ಬರೆಯುತ್ತೇನೆ ಮೇಡಂ.